ಎಡಗೈ

ಲಾಸ್ ಎರಾಸ್‌ನಲ್ಲಿ ಕಾರಿನ ಬಾಗಿಲು ತೆಗೆಯುವ ಮುಂಚೆ
ಗಾಳಿ ಯಾವ ಕಡೆಯದೆಂದು ನೋಡಬೇಕು.
ಅಕ್ಷರಕ್ಕೂ ಮೊದಲು ಮಕ್ಕಳಿಗೆ ಇದನ್ನು ಕಲಿಸುತ್ತೇವೆ.
ನೋಡದೆ ತೆಗೆದವರ ಬಾಗಿಲು
ಕೀಲು ಮುರಿದುಕೊಂಡು ಹೋಗಿ
ತನ್ನದೇ ಮಡ್‌ಗಾರ್ಡಿನ ಕೆನ್ನೆಗೆ ಬಾರಿಸುತ್ತದೆ.

ಎರ್ಮೆಲಿಂಡಾಳ ರೆನೋ ಹನ್ನೆರಡು
ನಮ್ಮ ಪೆಟ್ರೋಲ್ ಬಂಕಿಗೆ ಬಂದು ನಿಂತಾಗ
ಅವಳು ಇಳಿಯಲಿಲ್ಲ.
ಬಲಗೈ ಸ್ಟಿಯರಿಂಗಿಗೂ ಗೇರಿಗೂ ಓಡಾಡಿ ಸೋತಿತ್ತು.
ಎಡಗೈ ಬಾಗಿಲನ್ನು ಹಿಡಿದುಕೊಂಡೇ ಇತ್ತು,
ಪಿಕೊ ಟ್ರುನ್ಕಾಡೊದಿಂದ ಇಲ್ಲಿಯತನಕ,
ಎಂಬತ್ತು ಕಿಲೋಮೀಟರು ಅಡ್ಡಗಾಳಿಯಲ್ಲಿ.
"ಬಿಡಿಸು" ಅಂದಳು.
ಬಾಗಿಲನ್ನೋ ಬೆರಳನ್ನೋ ತಿಳಿಯಲಿಲ್ಲ.
ಮೊದಲು ಬೆರಳು ಬಿಡಿಸಿದೆ,
ಒಂದೊಂದಾಗಿ.

ಮೆಕ್ಯಾನಿಕ್ ಕಾಸಿಮೀರೊ ಊರಲ್ಲಿಲ್ಲ.
ಸೆಪ್ಟೆಂಬರಿನಲ್ಲಿ ಅವನು ಪಾನಾ ಕೆಳಗಿಟ್ಟು
ಕುರಿಗಳ ಉಣ್ಣೆ ತೆಗೆಯಲು ಹೋಗುತ್ತಾನೆ.
ಇದ್ದದ್ದು ನಾನು,
ನನಗಿಂತ ಅನುಭವಸ್ಥ ಸ್ಕ್ರೂಡ್ರೈವರು ಒಂದು.

ಬಾಗಿಲ ಅಂಚಿಗೆ ಮೂಗು ತಾಗಿಸಿ ನೋಡಿದೆ.
ಚಿಲಕದ ಕೊಕ್ಕೆ ಪೂರ್ತಿ ತಿರುಗಿ ಕೂತುಬಿಟ್ಟಿತ್ತು.
ಅಂದರೆ ಅದರ ಲೆಕ್ಕದಲ್ಲಿ
ಬಾಗಿಲು ಎಂದೋ ಮುಚ್ಚಿ ಆಗಿದೆ.
ಹೊರಗೆ ಇಡೀ ತಗಡು ರೆಕ್ಕೆ ಬಡಿಯುತ್ತಿದ್ದರೂ
ಒಳಗೆ ಅದು ಅಗುಳಿ ಹಾಕಿ, ದೀಪ ಆರಿಸಿ,
ಮಲಗಿದೆ.
ಇಂಥದರ ಮುಂದೆ ಬಾಗಿಲನ್ನು ಎಷ್ಟು ಬಡಿದರೇನು?
ಕಂಬದ ಗೂಟಕ್ಕೆ ಢಿಕ್ಕಿ ಹೊಡೆದು ವಾಪಸು.
ಮತ್ತೆ ಬಡಿ. ಮತ್ತೆ ವಾಪಸು.

ಸ್ಕ್ರೂಡ್ರೈವರಿನ ಮೂತಿ ತೂರಿಸಿ ಮೀಟಿದೆ. ಜಪ್ಪಯ್ಯ ಅನ್ನಲಿಲ್ಲ.
ಅಂಗೈಯಿಂದ ಗುದ್ದಲು ಹೋದಾಗ
"ತಳ್ಳಬೇಡ" ಅಂದಳು.
"ಈಗಲೇ ತಳ್ಳಬೇಡ."
ಮೂವತ್ತೊಂದು ವರ್ಷ ಸೂಲಗಿತ್ತಿಯಾಗಿ ಪಳಗಿದ ದನಿ.
ನಾನು ನಿಜವಾಗಿಯೂ ಉಸಿರು ಬಿಗಿಹಿಡಿದೆ.
ನನ್ನನ್ನು ಹೊರಗೆ ತಂದವಳೂ ಇವಳೇ ಎನ್ನುತ್ತಾಳೆ ಅಮ್ಮ.
ಇವಳಿಗೆ ನೆನಪಿಲ್ಲ.
ಈ ಊರಿನ ಅರ್ಧ ಜನ ಹಾಗೇ ಹೇಳಿಕೊಳ್ಳುತ್ತಾರಂತೆ.

ಸೀಟಿನ ಹಿಂದಿನಿಂದ ಫ್ಲಾಸ್ಕು ತೆಗೆದಳು.
ಯೆರ್ಬಾ ಸೊಪ್ಪಿಗೆಂದು ಕಾಯಿಸಿದ ನೀರು,
ಕುದಿ ಬರುವ ಮುಂಚೆ ಇಳಿಸಿದ್ದು.
ಹಸುಗೂಸಿನ ನೆತ್ತಿಗೆ ಹೊಯ್ಯುವಂತೆ
ಚಿಲಕದ ಬಾಯಿಗೆ ಹೊಯ್ದಳು.
ಆವಿ ಎದ್ದಿತು, ಗಾಳಿ ಕೂಡಲೇ ಕಿತ್ತುಕೊಂಡಿತು.
ಮೊದಲು ಏನೂ ಇಲ್ಲ.
ಆಮೇಲೆ ಕರ್ರನೆಯದೊಂದು ಹನಿ. ಇನ್ನೊಂದು.
ಎಂಬತ್ತನಾಲ್ಕರಲ್ಲಿ ಕಾರ್ಖಾನೆಯಲ್ಲಿ ಯಾರೋ ಬಳಿದ ಗ್ರೀಸು
ಗೋಂದಾಗಿ, ಮರಳು ತಿಂದು, ಚಳಿಗೆ ಕಲ್ಲಾಗಿ,
ಈಗ ಅಳುತ್ತ ಇಳಿಯಿತು.
ಅದರ ಜೊತೆ ಒಂದು ಚಿಟಿಕೆ ಕುರಿತುಪ್ಪಳ.
ಅವಳ ಹತ್ತಿರ ಕುರಿಯೇ ಇಲ್ಲ.

"ಈಗ."
ಅವಳು ಹಿಡಿಕೆ ಎಳೆದಳು, ನಾನು ಮೀಟಿದೆ.
ಟಕ್.

ಇಲ್ಲೇ ಎಲ್ಲರೂ ತಪ್ಪುವುದು.
ಖುಷಿಗೆ ಬಾಗಿಲು ಬಡಿದುಬಿಡುತ್ತಾರೆ.
ಮತ್ತೆ ಕಚ್ಚಿಕೊಂಡರೆ
ಒಳಗಿನ ರಟ್ಟು ಹರಿದು, ಗಾಜಿನ ಹಿಂದೆ ಕೈ ತೂರಿಸಿ
ಕತ್ತಲೆಯಲ್ಲಿ ತಡಕಾಡಬೇಕು.
ಹಾಗಾಗಿ ಬಾಗಿಲು ತೆರೆದೇ ಇರಲಿ,
ಸ್ಕ್ರೂಡ್ರೈವರಿನ ಕಾಂಡ ಕೊಟ್ಟು ಕೊಕ್ಕೆಯನ್ನು ಮುಚ್ಚಿಸು.
ಹಿಡಿಕೆ ಎಳೆ. ಬಿಟ್ಟಿತೇ? ಮತ್ತೆ ಮುಚ್ಚಿಸು.
ಹತ್ತು ಸಲ ಮಾಡಿಸಿದಳು. ಏಳನೆಯದಕ್ಕೆ ತಡವರಿಸಿತು.
ಎಂಜಿನ್ ಆಯಿಲು ನಾಲ್ಕು ಹನಿ ಬಿಟ್ಟು
ಮೊದಲಿಂದ ಎಣಿಸಿದಳು.

ಕೊನೆಗೆ ಮುಚ್ಚಿದೆವು.
ಒಳಗಿನ ಗಾಳಿ ತಟ್ಟನೆ ನಿಂತಿತು.
ಡ್ಯಾಶ್‌ಬೋರ್ಡಿನ ಗಡಿಯಾರ ಟಿಕ್ಕೆನ್ನುವುದು
ಮೊದಲ ಸಲ ಕೇಳಿಸಿತಂತೆ ಅವಳಿಗೆ;
ಕೆಟ್ಟಿದೆ ಅಂದುಕೊಂಡಿದ್ದಳು.
ಫ್ಲಾಸ್ಕಿನಲ್ಲಿ ಉಳಿದದ್ದು ಒಂದೇ ಗುಟುಕು, ಉಗುರು ಬೆಚ್ಚಗೆ.
ಅದನ್ನೂ ಹಂಚಿಕೊಂಡಳು.
ಕಾಸು ಬೇಡವೆಂದೆ. ಆರು ಮೊಟ್ಟೆ ಕೊಟ್ಟಳು,
ಯಾವುದೋ ಹೆರಿಗೆಯ ಸಂಬಳ.

ಪಡುವಣಕ್ಕೆ, ಪೆರಿತೊ ಮೊರೆನೊ ಕಡೆಗೆ ಹೊರಟಳು.
ಕಾರು ತಿರುವಿನಲ್ಲಿ ನಿಧಾನಿಸಿದಾಗ ಕಂಡೆ:
ಒಂದು ಕೈಯಲ್ಲಿ ಸ್ಟಿಯರಿಂಗು,
ಇನ್ನೊಂದು ಇನ್ನೂ ಬಾಗಿಲನ್ನು ಹಿಡಿದೇ ಇದೆ.
"ಬಿಡು, ಮುಚ್ಚಿದೆ!" ಅಂತ ಕೂಗಿದೆ.
ಗಾಳಿ ಆ ಮಾತನ್ನೆತ್ತಿ ಹಿಂದಕ್ಕೆ,
ಪಿಕೊ ಟ್ರುನ್ಕಾಡೊ ಕಡೆಗೆ ಒಯ್ದಿತು.