ಗನ್ ಪಾಯಿಂಟ್, ಮಧ್ಯಾಹ್ನ ಮೂರು

ಡಾರ್ವಿನ್ನಿನಾಚೆ, ಕೆಂಪು ಮಣ್ಣಿನ ತುದಿಯಲ್ಲಿ
ಬಿಳಿ ಗುಮ್ಮಟದೊಳಗೆ ರೇಡಾರಿನ ತಟ್ಟೆ
ಹತ್ತು ನಿಮಿಷಕ್ಕೊಮ್ಮೆ ಕಡಲನ್ನು ಪೂರ್ತಿ ಓದಿ
ಮತ್ತೆ ಮೊದಲಿಂದ.

ಕೂಗಿ ಕಿವಿಗೊಡುವುದು, ಅಷ್ಟೇ ಅದರ ಕೆಲಸ.
ಮೋಡ ಅದಕ್ಕೆ ಕಾಣದು;
ಬಸಿರೊಳಗಿನ ಹನಿಗಳು ಓಗೊಟ್ಟರೆ ಉಂಟು,
ಇಲ್ಲವೆಂದರೆ ಬರೀ ಕಪ್ಪು.

ಮೂರಕ್ಕೆ ಮೆಲ್ವಿಲ್ ದ್ವೀಪದ ಮೇಲೆ ಮೊದಲ ಹಸಿರು ಚುಕ್ಕೆ.
'ಬಂದ ನೋಡು' ಅಂದಳು ಮರ್ಲೀನ್, ಚಹಾ ಕೈಯಲ್ಲೇ.
ದಿನಾ ಬರುವ ನೆಂಟ, ಹೆಸರೂ ಇಟ್ಟುಬಿಟ್ಟಿದ್ದಾರೆ.
ಹಸಿರು ಹಳದಿಗೆ ತಿರುಗಿ, ಹಳದಿ ಕೆಂಪಿಗೇರಿ
ಹದಿನೆಂಟು ಕಿಲೋಮೀಟರು ಎತ್ತರ.
ಅಲ್ಲಿ ಆಲಿಕಲ್ಲು,
ಇಲ್ಲಿ ನನ್ನ ಬೆನ್ನಿಗಂಟಿದ ಅಂಗಿ.

ಇವತ್ತು ಮಾತ್ರ ದಾರಿ ತಪ್ಪಿ
ಕೊಲ್ಲಿ ದಾಟಿ ನಮ್ಮ ನೆತ್ತಿಗೇ ಬಂತು.
ತಗಡಿನ ಮೇಲೆ ಮಳೆ, ಮಾತು ಕೇಳದಷ್ಟು.
ಪರದೆಯ ನಟ್ಟನಡುವೆ
ಬಿಲ್ಲೆಯಗಲದ ತೂತು:
ತಟ್ಟೆ ತನ್ನ ನೆತ್ತಿಯತ್ತ ಕತ್ತೆತ್ತಲಾರದು.

ದೀಪದ ಬುಡ ಕತ್ತಲೆಂಬ ಗಾದೆ ಕೂಗಿ ಹೇಳಿದೆ.
'ಏನು?' ಅಂದಳು,
ಬಕೆಟ್ ತಂದು ಸೋರುವಲ್ಲಿಟ್ಟಳು.

ಕಡತದಲ್ಲಿ ಬರೆದೆ: ನಡುವೆ ಮಾಹಿತಿ ಇಲ್ಲ.
ಬಕೆಟ್ ಅಷ್ಟರಲ್ಲಿ ಎರಡು ಸಲ ತುಂಬಿತ್ತು.