ಮಳಿ ಇಲ್ಲದ ದಿನದ ನೀರು

ಮಳಿ ಬಂದು ಎಪ್ಪತ್ತು ದಿನ ಆತು.
ಮಳಿನೀರಿನ ಗಟಾರದಾಗ ನೀರು ಹರಿಯಾಕತ್ತೈತಿ.
ಯಾರೋ ಸುಳ್ಳು ಹೇಳಾಕತ್ತಾರ ಅನ್ನಾಕ
ಇಷ್ಟ ಸಾಕು.

ಫೆಬ್ರುವರಿ. ಬಾಗಲಕೋಟಿ ನವನಗರ. ಬೆಳಗಿನ ಐದೂವರಿ.
ಯಮನೂರಪ್ಪ ಸಲಾಕಿ ಹಾಕಿ ಮುಚ್ಚಳ ಎಬ್ಬಸ್ತಾನ,
ನಾನು ಬ್ಯಾಟರಿ ಬಿಡತೇನಿ.
ತಳದಾಗ ಬೆರಳಗಲ ನೀರು,
ಸಂತಿಗೆ ಹೊಂಟ ಮುದುಕಿ ಹಂಗ
ಗ್ವಾಡಿ ಹಿಡಕೊಂಡು, ಅವಸರ ಇಲ್ಲದ.

ನನ್ನ ಕೈಯಾಗ ನಕ್ಷೆ:
ನೀಲಿ ಗೆರಿ ಮಳಿಗೆ, ಕೆಂಪು ಗೆರಿ ಮನಿಗೆ,
ಮುನಿಸಿಕೊಂಡ ಬೀಗರ ಹಂಗ ಎಲ್ಲೂ ಕೂಡಂಗಿಲ್ಲ.
ಯಮನೂರಪ್ಪಗ ನಕ್ಷೆ ಇಲ್ಲ, ಮೂಗೈತಿ.
"ಬಾಯಾರ, ಇದು ಬಚ್ಚಲದ್ದಲ್ಲ, ಬಚ್ಚಲದ್ದಾದ್ರ ಬುರುಗು ಇರತಿತ್ತು.
ಅಕ್ಕಿ ತೊಳದದ್ದಲ್ಲ, ಹುಳಿ ನಾರತಿತ್ತು.
ಇದು..."
ಅಂದು ಸುಮ್ಮನಾದ.
ನನ್ನ ಮುಂದ ಆ ಶಬ್ದ ಆಡಾಕ ನಾಚಿಕಿ ಅವಗ,
ಅದರಾಗ ಎದಿಮಟ ಇಳದು
ಮೂವತ್ತು ವರ್ಷ ನಿಂತವಗ.

ಈಗ ಇಳಿಯಂಗಿಲ್ಲ. ಕಾನೂನೈತಿ, ಮಷೀನೈತಿ.
ಮಷೀನು ಕೆಟ್ಟ ದಿನ
ಎಲ್ಲಾರೂ ಅವನ ಕಡೇನ ನೋಡತಾರ.

ನಿನ್ನೆ ಕವಲಿಗೊಂದು ಉಸುಕಿನ ಚೀಲ ಇಟ್ಟಿದ್ವಿ.
ಯಾವ ಚೀಲದ ಹಿಂದ ನೀರು ನಿಂತಿತೋ ಆ ಓಣಿ.
ಓಣಿ ಸಿಕ್ಕಿತು. ಇನ್ನ ಮನಿ.
ಮನಿಗೊಂದು ಚಿಟಿಕಿ ಬಣ್ಣದ ಪುಡಿ:
"ಪಾಯಖಾನಿಗೆ ಹಾಕಿ ಎರಡು ಕೊಡ ನೀರು ಸುರೀರಿ ಯವ್ವಾ."
ದಾವಲಬಿ ಸುರಿದಳು. ಬರಲಿಲ್ಲ.
ಕಟಗೇರಿಯವರ ಮನಿಯಾಕಿ
ದೇವರ ಕೋಣಿಗೇನೂ ಆಗಂಗಿಲ್ಲಲ್ಲರೀ ಅಂತ ಮೂರು ಸಲ ಕೇಳಿ
ಸುರಿದರು. ಬರಲಿಲ್ಲ.
ಆಚೆ ಮನಿಯ ಹುಡುಗ ಚೊಣ್ಣ ಹಿಡಕೊಂಡು ಬಂದು,
"ಇದನ್ನ ಕುಡದ್ರ ನಂದೂ ಹಸರು ಬರತೈತೇನು?"

ಹೊಕ್ರಾಣಿ ಮಾಸ್ತರು ಬಾಗಿಲಾ ಪೂರ್ತಿ ತಗೀಲಿಲ್ಲ.
"ನಮ್ಮದು ಒಳಚರಂಡಿಗೆ ಐತಿ. ರಸೀದಿ ಐತಿ."
ತಂದರು. ಪ್ಲಾಸ್ಟಿಕ್ ಚೀಲದಾಗ
ಮುಳುಗಡೆ ಪರಿಹಾರದ ಕಾಗದದ ಜೋಡಿ ಇಟ್ಟಿದ್ದರು:
ಹಳೇ ಮನಿಯ ಅಳತಿ, ಪಡಸಾಲಿ ಇಷ್ಟು ಫೂಟು,
ಸಾಗವಾನಿ ಕಂಬ ಎಂಟು,
ಹಿತ್ತಲದ ಬೇವಿಗೆ ಇಷ್ಟು ರೂಪಾಯಿ.
ನಾನು ರಸೀದಿ ಓದಿದೆ.
ಪುಡಿ ಕೊಟ್ಟೆ.

ಹತ್ತು ನಿಮಿಷ ಏನೂ ಇಲ್ಲ.
ಹನ್ನೆರಡಕ್ಕ ಬಂತು.
ಗುಳೇದಗುಡ್ಡದ ಹೊಸ ಖಣ
ಕತ್ತಲ್ಯಾಗ ಯಾರೋ ಜಾಡಿಸಿ ಹಾಸಿದಂಗ,
ಹಸಿರಂದ್ರ ಅಂಥಾ ಹಸಿರು.
ಗಟಾರದಾಗ ಚಂದ ನೋಡಿದ್ದು ಅದ ಮೊದಲು.
"ಹೋ!" ಅಂದ ಯಮನೂರಪ್ಪ,
ಆಮ್ಯಾಲೆ ಬಾಯಿಗೆ ಕೈ ಅಡ್ಡ ಹಿಡದ.

ಮಾಸ್ತರು ಬಂದು ಬಗ್ಗಿ ನೋಡಿದರು.
ಚಾಳೀಸು ಒರಸಿ ಮತ್ತ ನೋಡಿದರು.
"ಹತ್ತಿರದ ಪೈಪಿಗೆ ಕೊಟ್ಟೇನ್ರಿ ಅಂದಿದ್ದ ಗೌಂಡಿ.
ಯಾವ ಪೈಪು ಅಂತ
ನಾ ಕೇಳಲಿಲ್ಲ."
ಊರ ಮಕ್ಕಳಿಗೆಲ್ಲ ಪ್ರಶ್ನಿ ಹಾಕಿದವರು.
ಸ್ವಲ್ಪ ಹೊತ್ತು ಬಿಟ್ಟು, "ಇದು ಎಲ್ಲಿಗೆ ಹೋಗತೈತಿ?"

ನಕ್ಷೆ ಬಿಚ್ಚಿದೆ. ನೀಲಿ ಗೆರಿ
ಸೆಕ್ಟರು ದಾಟಿ, ಹಳ್ಳ ಕೂಡಿ,
ಘಟಪ್ರಭಿ ಹಿನ್ನೀರು ಮುಟ್ಟತೈತಿ.
ಅಲ್ಲಿಗೆ ನನ್ನ ನಕ್ಷೆ ಮುಗೀತು.
ಮಾಸ್ತರ ಬೆರಳು ನಿಲ್ಲಲಿಲ್ಲ,
ಖಾಲಿ ಕಾಗದದ ಮ್ಯಾಲೆ ಮುಂದ ಮುಂದ ಹೋತು:
ಬಜಾರ, ಕಲ್ಲಿನ ಕಟ್ಟಿ, ಎಡಕ್ಕ ಹೊಳ್ಳಿದರ ಸಣ್ಣ ಸಂದಿ,
ಮೂರನೇ ಮನಿ.
"ನಮ್ಮ ಹೊಸ್ತಲದ ಮ್ಯಾಲ," ಅಂದರು.

ನೋಟೀಸು ಬರದೆ. ಹದಿನೈದು ದಿನ.
ಸಹಿ ಮಾಡಿದರು, ಅಂದವಾದ ಅಕ್ಷರ.
ಸೊಸಿ ಚಾ ತಂದಳು:
ನನಗ ಸ್ಟೀಲಿನ ವಾಟಗಾ,
ಯಮನೂರಪ್ಪಗ ಕಾಗದದ ಕಪ್ಪು.
ಅವ ಕುಡದು, ಕಪ್ಪು ಮಡಚಿ
ತನ್ನ ಕಿಸೇದಾಗ ಇಟಗೊಂಡ,
ಗಟಾರಕ್ಕ ಒಗೀಲಿಲ್ಲ.

ಹೊತ್ತು ಏರಿತ್ತು. ಹಸಿರು ಹಾದು ಹೋಗಿತ್ತು.
ಅದರ ಹಿಂದ ನೀರು ಇನ್ನೂ ಬರಾಕತ್ತಿತ್ತು.
ಯಮನೂರಪ್ಪ ಬಗ್ಗಿದ, ಮೂಗು ಏರಿಸಿದ,
ಸಲಾಕಿ ಹೆಗಲಿಗೆ ಹಾಕ್ಕೊಂಡ.
"ಇದು ಮಾಸ್ತರದ್ದಲ್ಲ, ಬಾಯಾರ.
ಇದರಾಗ ಬುರುಗೈತಿ."