ತಲೆ, ಬಾಲ

ಸೆಟೂಬಲ್ ಬಂದರಿನ ಈ ಹಳೇ ಕಾರ್ಖಾನೆಯಲ್ಲಿ
ಈಗ ಮೀನಿಲ್ಲ.
ಮಂಗಳವಾರ ಸಂಜೆ ಆರಕ್ಕೆ
ಸಣ್ಣಕತೆ ಬರೆಯುವುದು ಹೇಗೆಂದು ಹೇಳಿಕೊಡುತ್ತೇನೆ,
ನಗರಸಭೆಯ ಸಂಬಳಕ್ಕೆ.
ಬರುವವರು ಏಳು ಜನ. ಹೀಟರು ಒಂದು.
ಎಷ್ಟು ಸಲ ಸುಣ್ಣ ಬಳಿದರೂ
ಮಳೆಗೆ ಮುಂಚೆ ಗೋಡೆ ಎಣ್ಣೆವಾಸನೆ ಬಿಡುತ್ತದೆ.

ಮೊದಲ ದಿನ ಹಲಗೆಯ ಮೇಲೆ ಬರೆದೆ:
ಪಾತ್ರ. ಜಾಗ. ತೊಡಕು.
ನಾಲ್ಕನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಸೀಮೆಸುಣ್ಣ ಮುರಿಯಿತು.
ಹಿಂದಿನ ಬೆಂಚಿನಿಂದ ಜುಲ್ಮೀರಾ ಕೇಳಿದಳು,
‘ಇಷ್ಟೆಲ್ಲ ಒಂದೇ ಡಬ್ಬಿಯಲ್ಲಿ ಹಿಡಿಸುತ್ತದಾ, ಮೇಷ್ಟ್ರೇ?’

ಎಪ್ಪತ್ತೆಂಟು ವರ್ಷ ಅವಳಿಗೆ.
ಮೂವತ್ತೊಂದು ಇದೇ ಸೂರಿನಡಿ,
ಆ ಎಡಗಿಟಕಿಯ ಪಕ್ಕ ನಿಂತು
ಡಬ್ಬಿಗೆ ಮೀನು ತುಂಬಿದ್ದಾಳೆ.
ಹೆಬ್ಬೆರಳ ಉಗುರು ಈಗಲೂ ಅಡ್ಡಡ್ಡ ಬೆಳೆಯುತ್ತದೆ.

ಅದೆಲಿನೊ ಲಾಂಚಿನಲ್ಲಿ ಟಿಕೆಟ್ ಹರಿಯುತ್ತಿದ್ದವನು.
ಅವನ ಕತೆ ಹನ್ನೊಂದು ಪುಟ:
ತಾತ ಹುಟ್ಟಿದ ಊರು, ಆ ವರ್ಷದ ಚಳಿ,
ತಾತನ ಕತ್ತೆಗೆ ಹೆಸರಿಟ್ಟ ಪ್ರಸಂಗ.
ಕಥಾನಾಯಕ ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ.
ನೋಯದ ಹಾಗೆ ಹೇಗೆ ಹೇಳಲಿ ಎಂದು
ಕನ್ನಡಕ ಒರೆಸುತ್ತ ಕೂತಿದ್ದೆ.

ಜುಲ್ಮೀರಾ ಎದ್ದು ಬಂದಳು.
ಗಾಳಿಯಲ್ಲೊಂದು ಮೀನು ಹಿಡಿದು
ಕಿವಿರಿನ ಕೆಳಗೆ ಹೆಬ್ಬೆರಳೂರಿ ತೋರಿಸಿದಳು:
‘ತಲೆ ಇಲ್ಲಿಗೆ. ಹೀಗೆ ಎಳೆದರೆ
ಕರುಳೂ ಜೊತೆಗೇ ಬರಬೇಕು.
ಎಳೆಯುವುದು ಗೊತ್ತಿದ್ದವರಿಗೆ ಚಾಕು ಯಾಕೆ?’
‘ಬಾಲ?’
‘ಡಬ್ಬಿಯ ಅಂಚು ಬಂದಾಗ ಅದೇ ಹೇಳುತ್ತದೆ.’

ಎರಡು ವಾರ ಅದೆಲಿನೊನ ಸುಳಿವಿಲ್ಲ.
ಸಿಟ್ಟಾದನೇನೋ ಅಂದುಕೊಂಡೆ.
ಮೂರನೇ ವಾರ ತಂದದ್ದು ಎರಡೇ ಪುಟ.
‘ಹನ್ನೊಂದರ ಲಾಂಚಿಗೆ ಒಬ್ಬಳು ಎರಡು ಟಿಕೆಟ್ ಕೊಂಡಳು.
ಹತ್ತಿದ್ದು ಒಬ್ಬಳೇ.’
ಕತ್ತೆ ಮಾತ್ರ ಹೇಗೋ ಉಳಿದುಕೊಂಡಿತ್ತು,
ಆಚೆ ದಡದಲ್ಲಿ, ಸುಮ್ಮನೆ ಮೇಯುತ್ತ.
ಇರಲಿ ಬಿಡು ಎಂದೆವು ಎಲ್ಲರೂ.

ಮಾರ್ಚಿನಲ್ಲಿ ಅವಳ ಸರದಿ.
ಶಾಲೆಮಕ್ಕಳ ನೋಟುಬುಕ್ಕು, ದೊಡ್ಡ ದೊಡ್ಡ ಅಕ್ಷರ,
ಒಂದೂಕಾಲು ಪುಟ.

ರಾತ್ರಿ ಎರಡಕ್ಕೆ ಸೈರನ್. ದೋಣಿ ಬಂದಿದೆ.
ಒಂದೊಂದು ಕಾರ್ಖಾನೆಗೆ ಒಂದೊಂದು ಕೂಗು,
ತನ್ನದು ಯಾವುದೆಂದು ನಿದ್ದೆಗಣ್ಣಿಗೂ ಗೊತ್ತು.
ಒಬ್ಬಳು ಏಳುತ್ತಾಳೆ. ಮಗು ಕೆಮ್ಮುತ್ತಿದೆ.
ಶಾಲು ಹೊದಿಸುತ್ತಾಳೆ.
ಹೊರಗಿನಿಂದ ಬೀಗ. ಕೀಲಿ ಜೇಬಿಗೆ.
ಅಲ್ಲಿಂದಾಚೆ ಬರೀ ಮೀನು:
ಎಷ್ಟು ಬುಟ್ಟಿ, ಎಷ್ಟು ಉಪ್ಪು,
ಹಾಡು ಎತ್ತಿಕೊಟ್ಟವರು ಯಾರು,
ಯಾರ ಲೆಕ್ಕದಲ್ಲಿ ಮೇಸ್ತ್ರಿ ಎರಡು ಡಬ್ಬಿ ನುಂಗಿದ.
ಮಗುವಿನ ಸುದ್ದಿಯೇ ಇಲ್ಲ.
ಕೀಲಿ ಮಾತ್ರ ಮತ್ತೆರಡು ಸಲ ಕೈಗೆ ತಾಕುತ್ತದೆ,
ಮೊದಲು ತಣ್ಣಗೆ,
ಆಮೇಲೆ ಮೈಯಷ್ಟೇ ಬೆಚ್ಚಗೆ.
ಕೊನೆಯ ಸಾಲು:
‘ಬೆಳಗಾಗಿತ್ತು. ಕೈ ತೊಳೆಯಲು ಸರದಿ ಉದ್ದವಿತ್ತು.’

ಯಾರೂ ಅಲುಗಲಿಲ್ಲ.
ಹೀಟರು ಟಿಕ್ಕೆಂದಿತು.
ಎಲ್ಲವನ್ನೂ ಹೇಳಬಾರದು, ಹೇಳಬಾರದು ಎಂದು
ಇಪ್ಪತ್ತು ವರ್ಷ ಗಿಣಿಯಂತೆ ಪಾಠ ಒಪ್ಪಿಸಿದ ನಾನು,
ಮೊದಲು ಬಾಯಿ ಬಿಟ್ಟವನೂ ನಾನೇ:
‘ಆಮೇಲೆ? ಮಗು?’

ಅವಳು ನೋಟುಬುಕ್ಕು ಚೀಲಕ್ಕೆ ಹಾಕಿದಳು.
‘ಮುಚ್ಚಳ ಬಿದ್ದಾಯಿತು, ಮೇಷ್ಟ್ರೇ.’

ಎಂಟಕ್ಕೆ ಎಲ್ಲರೂ ಕೋಟು ತೊಟ್ಟು ಇಳಿದರು.
ಪ್ರತಿ ವಾರ ಅವಳನ್ನು ಕರೆದೊಯ್ಯಲು
ಯಾರೋ ಬರುತ್ತಾರೆ,
ಮಗನೋ, ಅಳಿಯನೋ, ಪಕ್ಕದ ಮನೆಯವನೋ.
ಇವತ್ತು ಮೆಟ್ಟಿಲ ಕೆಳಗೆ ಕತ್ತಲಲ್ಲಿ ಕೆಮ್ಮು ಕೇಳಿಸಿತು.
ಗಂಡಸಿನ ಕೆಮ್ಮು, ಹಳೆಯದು.

ಕಿಟಕಿ ಎರಡು ಹೆಜ್ಜೆ ದೂರದಲ್ಲಿತ್ತು.
ಹಲಗೆ ಒರೆಸುತ್ತ ನಿಂತೆ.